ಸಮ್ಮೇಳನದ ವಂತಿಗೆ ಕೊಡದಿದ್ದರೆ ಹಾಲ್ ಟಿಕೆಟ್ ತಡೆಯಬಹುದೇ?

ಪ್ರಶ್ನೆ: ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ರೈತ. ನನ್ನ ತಂಗಿ ಹತ್ತಿರದ ಊರಿನ ಸಣ್ಣ ಅನುದಾನಿತ ಕಾಲೇಜಿನಲ್ಲಿ ಬಿ.ಎ. ಕೊನೆಯ ಸೆಮಿಸ್ಟರ್ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಬಂದವಳು ಅವಳೊಬ್ಬಳೇ. ಕಳೆದ ವಾರ ಕಾಲೇಜಿನಿಂದ ಒಂದರ ಹಿಂದೊಂದು ಸೂಚನೆ ಬಂದಿವೆ. ವಾರ್ಷಿಕ ಸ್ನೇಹ ಸಮ್ಮೇಳನ ಮತ್ತು ಬೀಳ್ಕೊಡುಗೆಗೆ ತಲಾ 600 ರೂಪಾಯಿ ಕೊಡಬೇಕು, ಕೊಡದವರಿಗೆ ಹಾಲ್ ಟಿಕೆಟ್ ಇಲ್ಲ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದಾರೆ. ಮೂರು ದಿನದ ಕಾರ್ಯಕ್ರಮಕ್ಕೆ ಬಾರದವರ ಆಂತರಿಕ ಅಂಕ ಕಡಿತ ಎಂದೂ ಇದೆ. ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಇತಿಹಾಸ ವಿಷಯಕ್ಕೆ ಇವಳ ಹೆಸರಿದೆ. 60 ತರಗತಿಗಳಲ್ಲಿ 41. ಕಡಲೆ, ಜೋಳದ ಸುಗ್ಗಿಯಲ್ಲಿ ಕೆಲವು ದಿನ ನಾವೇ ಮನೆಯಲ್ಲಿ ಉಳಿಸಿಕೊಂಡಿದ್ದೆವು. ಆಮೇಲೆ ಏಳು ದಿನದ ಎನ್‌ಎಸ್‌ಎಸ್ ಶಿಬಿರಕ್ಕೂ ಹೋಗಿದ್ದಳು. ವಿದ್ಯಾರ್ಥಿವೇತನ ಬಂದಿಲ್ಲ, ಹಾಗಾಗಿ ಶುಲ್ಕ ಸ್ವಲ್ಪ ಬಾಕಿ ಇದೆ. ಪ್ರವೇಶದ ವೇಳೆ ಕೊಟ್ಟ ಮೂಲ ಅಂಕಪಟ್ಟಿಗಳು ಕಾಲೇಜಿನಲ್ಲೇ ಇವೆ. ನಮ್ಮೂರಿಗೆ ಕೊನೆಯ ಬಸ್ ಸಂಜೆ ಆರೂವರೆಗೆ. ಸಮ್ಮೇಳನ ರಾತ್ರಿಯವರೆಗೆ ನಡೆಯುತ್ತದೆ. ಪ್ರಬಂಧ ಸ್ಪರ್ಧೆಯಲ್ಲಿ ಇವಳಿಗೆ ಮೊದಲ ಬಹುಮಾನ ಬಂದಿದೆಯಂತೆ, ಸಮಾರೋಪದ ದಿನ ಕೊಡುತ್ತಾರಂತೆ. ಕಳಿಸಬೇಕೋ ಬೇಡವೋ ತಿಳಿಯುತ್ತಿಲ್ಲ. ದೂರು ಕೊಟ್ಟರೆ ಫೇಲ್ ಮಾಡುತ್ತಾರೆ ಎಂದು ಅವಳು ಹೆದರಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿರುವ ಆತಂಕ ಒಂದೇ: ಈ ಸೂಚನೆಗಳಲ್ಲಿ ಯಾವುದನ್ನು ಮೀರಿದರೆ ತಂಗಿಯ ಪರೀಕ್ಷೆ ತಪ್ಪುತ್ತದೆ? ಧಾರವಾಡ, ಗದಗ ಭಾಗದ ಕಾಲೇಜುಗಳಲ್ಲಿ ಪಾಠ ಮಾಡಿ, ಪ್ರಾಚಾರ್ಯನಾಗಿ ಇಂಥ ಸೂಚನೆಗಳಿಗೆ ಸಹಿ ಹಾಕಿದವನಾಗಿ ಹೇಳುತ್ತೇನೆ. ನೀವು ಪಟ್ಟಿ ಮಾಡಿದವುಗಳಲ್ಲಿ ಪರೀಕ್ಷೆಯನ್ನು ನೇರವಾಗಿ ತಡೆಯಬಲ್ಲದ್ದು ಒಂದೇ, ಹಾಜರಾತಿ. ಶುಲ್ಕದ ಬಾಕಿಯಿಂದ ತೊಂದರೆ ಆಗಬಹುದು, ಆದರೆ ಅದಕ್ಕೆ ದಾರಿ ಇದೆ. ವಂತಿಗೆಗೂ ಹಾಲ್ ಟಿಕೆಟ್‌ಗೂ ಸಂಬಂಧವೇ ಇಲ್ಲ. ನೀವು 600 ರೂಪಾಯಿಯ ಚಿಂತೆಯಲ್ಲಿ ಹಾಜರಾತಿ ಪಟ್ಟಿಯನ್ನು ಹಿಂದಕ್ಕೆ ಹಾಕಿದ್ದೀರಿ ಎಂದು ನನಗೆ ಅನಿಸುತ್ತಿದೆ. ದಯವಿಟ್ಟು ಮೊದಲು ಅದನ್ನೇ ಹಿಡಿಯಿರಿ.

ಪದವಿ ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ 75 ಹಾಜರಾತಿ ಇರಬೇಕು. ಎಲ್ಲ ವಿಷಯಗಳ ಸರಾಸರಿ ತೆಗೆದರೆ ಸಾಕು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಹಳ ಇದೆ, ಅದು ಸರಿಯಲ್ಲ. 60ಕ್ಕೆ 45 ಬೇಕಿತ್ತು, ನಿಮ್ಮ ತಂಗಿಗೆ ನಾಲ್ಕು ಕಡಿಮೆ. ಉಳಿದ ದಿನ ತಪ್ಪದೆ ಹೋದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ತರಗತಿ ನಡೆದಂತೆ ಒಟ್ಟು ಸಂಖ್ಯೆಯೂ ಏರುತ್ತದೆ. ಇನ್ನು ಎಂಟು ತರಗತಿ ನಡೆದು ಎಂಟಕ್ಕೂ ಹೋದರೆ 68ಕ್ಕೆ 49, ಅಂದರೆ ಶೇ 72. ಹಾಜರಿಯಿಂದಲೇ 75 ಮುಟ್ಟಬೇಕಾದರೆ ಒಂದನ್ನೂ ಬಿಡದೆ 16 ತರಗತಿ ಬೇಕು. ಸೆಮಿಸ್ಟರ್‌ನ ಕೊನೆಯಲ್ಲಿ, ಅದರಲ್ಲೂ ಸಮ್ಮೇಳನದ ತಯಾರಿ ನಡೆದಿರುವಾಗ, ಅಷ್ಟು ತರಗತಿ ಸಿಗುವುದಿಲ್ಲ.

ನಿಮಗೆ ಆಸರೆ ಆಗಬಹುದಾದದ್ದು ಎನ್‌ಎಸ್‌ಎಸ್ ಶಿಬಿರ. ಕಾಲೇಜೇ ಕಳಿಸಿದ ಶಿಬಿರ, ಕ್ರೀಡಾಕೂಟ, ಎನ್‌ಸಿಸಿ ಇಂಥವುಗಳ ದಿನಗಳನ್ನು ಹಾಜರಿ ಎಂದು ಪರಿಗಣಿಸುವುದು ರೂಢಿ. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಶಿಬಿರಾಧಿಕಾರಿ ಹೆಸರಿನ ಪಟ್ಟಿಯನ್ನು ಪ್ರತಿ ವಿಷಯದ ಉಪನ್ಯಾಸಕರಿಗೆ ಮುಟ್ಟಿಸಬೇಕು, ಅವರು ತಮ್ಮ ಹಾಜರಾತಿ ಪುಸ್ತಕದಲ್ಲಿ ತಿದ್ದಿಕೊಳ್ಳಬೇಕು. ಸಣ್ಣ ಕಾಲೇಜುಗಳಲ್ಲಿ ಈ ಪಟ್ಟಿ ನಿಂತುಬಿಡುವುದು ಇಲ್ಲೇ. ಇತಿಹಾಸದ ತರಗತಿ ತೆಗೆದುಕೊಳ್ಳುವವರು ಅತಿಥಿ ಉಪನ್ಯಾಸಕರಾಗಿದ್ದು, ವಾರದಲ್ಲಿ ಕೆಲವೇ ದಿನ ಬರುವವರಾದರೆ ಅವರ ಕೈಗೆ ಪಟ್ಟಿ ಸಿಕ್ಕಿರುವುದೇ ಅನುಮಾನ. ಆದ್ದರಿಂದ ತಂಗಿ ವೇಳಾಪಟ್ಟಿ ತೆಗೆದು, ಶಿಬಿರದ ಏಳು ದಿನಗಳಲ್ಲಿ ಇತಿಹಾಸದ ತರಗತಿ ನಿಜವಾಗಿ ಎಷ್ಟು ನಡೆದವು ಎಂದು ಎಣಿಸಲಿ. ನಾಲ್ಕು ನಡೆದಿದ್ದರೆ ಅಲ್ಲಿಗೆ 45 ಆಯಿತು. ಎರಡೇ ನಡೆದಿದ್ದರೂ ಮುಂದಿನ ಎಂಟು ತರಗತಿ ತಪ್ಪಿಸದಿದ್ದರೆ 68ಕ್ಕೆ 51, ಸರಿಯಾಗಿ ಶೇ 75. ಆ ವಾರ ಕಾಲೇಜಿನಲ್ಲಿ ತರಗತಿಯೇ ನಡೆಯದಿದ್ದರೆ ಶಿಬಿರದಿಂದ ಲಾಭವಿಲ್ಲ. ಆಗ ಬೆಳಗಿನ ಬಸ್ ತಡವಾಗಿ ಬಂದು ಮೊದಲ ಅವಧಿ ತಪ್ಪಿದ ದಿನಗಳು, ಎರಡು ತರಗತಿ ಒಟ್ಟಿಗೆ ನಡೆದಾಗ ಒಂದೇ ಹಾಜರಿ ಬಿದ್ದ ದಿನಗಳು ಇವೆಯೇ ಎಂದು ಪುಸ್ತಕ ನೋಡಿಸಿಕೊಂಡು ಕೇಳಬೇಕು. ಆಸ್ಪತ್ರೆಯ ದಾಖಲೆ ಇದ್ದರೆ ಅದನ್ನೂ ಲಗತ್ತಿಸಿ. ಸುಗ್ಗಿಯ ದಿನಗಳಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ನೀವು ಅದನ್ನು ಮುಚ್ಚಿಡದೆ ಬರೆದಿರಿ, ಒಳ್ಳೆಯದು. ಆದರೆ ಅರ್ಜಿಯಲ್ಲಿ ಅದಕ್ಕಾಗಿ ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಸೇರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಬಯಲಾದರೆ ನಿಜವಾದ ಶಿಬಿರದ ದಿನಗಳನ್ನೂ ಯಾರೂ ನಂಬುವುದಿಲ್ಲ.

ಪಟ್ಟಿಯಲ್ಲಿ ಹೆಸರು ಬಂದರೆ ಎಲ್ಲ ಮುಗಿಯಿತು ಎಂಬುದೂ ತಪ್ಪು. ಫಲಕಕ್ಕೆ ಹಚ್ಚುವ ಮೊದಲ ಪಟ್ಟಿ ಇರುವುದೇ ಆಕ್ಷೇಪಣೆ ಬರಲಿ ಎಂದು. ಅಂತಿಮ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಪ್ರಾಚಾರ್ಯರ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ. ಹಾಗಾಗಿ ಇದು ಈ ವಾರವೇ ಆಗಬೇಕಾದ ಕೆಲಸ.

ಇನ್ನು ವಂತಿಗೆ. ಪ್ರವೇಶದ ದಿನ ಕೊಟ್ಟ ಶುಲ್ಕದ ರಸೀದಿಯನ್ನು ಹುಡುಕಿ ತೆಗೆಯಿರಿ. ನಮ್ಮ ಭಾಗದ ಬಹುತೇಕ ಕಾಲೇಜುಗಳ ರಸೀದಿಯಲ್ಲಿ ಬೋಧನಾ ಶುಲ್ಕ, ಗ್ರಂಥಾಲಯ, ಕ್ರೀಡೆಯ ಜೊತೆಗೆ ಜಿಮಖಾನಾ (ವಿದ್ಯಾರ್ಥಿ ಚಟುವಟಿಕೆಗಳ ನಿಧಿ), ವಾರ್ಷಿಕ ಸಂಚಿಕೆ ಎಂಬ ಬಾಬ್ತುಗಳೂ ಇರುತ್ತವೆ. ಸ್ನೇಹ ಸಮ್ಮೇಳನ ನಡೆಯಬೇಕಾದದ್ದು ಆ ಜಿಮಖಾನಾ ಹಣದಲ್ಲಿ. ಅದು ಸಾಲದಾದಾಗ ವಿದ್ಯಾರ್ಥಿ ಪ್ರತಿನಿಧಿಗಳು ತರಗತಿಗೆ ಇಷ್ಟು ಎಂದು ಕೂಡಿಸುತ್ತಾರೆ. ಕೊಡುವುದು ಬಿಡುವುದು ನಿಮ್ಮ ಇಚ್ಛೆ, ಅದು ಶುಲ್ಕವಲ್ಲ. ಪ್ರವೇಶದ ವೇಳೆ ಪ್ರಕಟಿಸಿದ್ದಕ್ಕಿಂತ ಹೆಚ್ಚು ಹಣ ಕೇಳುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯ ಪ್ರಕಾರವೇ ದೂರಿಗೆ ಯೋಗ್ಯವಾದ ವಿಷಯ.

ನಿಮಗೆ ಬಂದ ಸೂಚನೆಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಕ್ರಮಾಂಕ, ದಿನಾಂಕ, ಪ್ರಾಚಾರ್ಯರ ಸಹಿ, ಮೊಹರು ಇವೆಯೇ? ‘ಪ್ರಾಚಾರ್ಯರ ಆದೇಶದ ಮೇರೆಗೆ’ ಎಂದು ಯಾರು ಬೇಕಾದರೂ ಟೈಪ್ ಮಾಡಬಹುದು. ನಾನು ಕಂಡಂತೆ ಹಾಲ್ ಟಿಕೆಟ್ ಇಲ್ಲ ಎಂಬ ಸಾಲನ್ನು ಸೇರಿಸುವವರು ಹೆಚ್ಚಾಗಿ ಹಣ ಕೂಡಿಸುವ ಹೊಣೆ ಹೊತ್ತ ಹುಡುಗರು, ಇಲ್ಲವೇ ಸಮಿತಿಯ ಒಬ್ಬ ಉಪನ್ಯಾಸಕರು. ಪ್ರಾಚಾರ್ಯರಿಗೆ ಅದು ಗೊತ್ತೇ ಇರುವುದಿಲ್ಲ. ಕಾಗದದ ಮೇಲೆ ಸಹಿ ಹಾಕಿ ಕೊಡಿ ಎಂದು ವಿನಯದಿಂದ ಕೇಳಿದ ಕೂಡಲೇ ಆ ಸಾಲು ಮಾಯವಾಗುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಪರೀಕ್ಷಾ ಅರ್ಜಿಯ ದಾರಿಯೇ ಬೇರೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅದು ಈಗ ಯುಯುಸಿಎಂಎಸ್ ತಂತ್ರಾಂಶದ ಮೂಲಕ ನಡೆಯುತ್ತದೆ. ವಿದ್ಯಾರ್ಥಿ ತನ್ನ ಲಾಗಿನ್‌ನಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಬೇಕು, ಕಾಲೇಜು ತನ್ನ ಲಾಗಿನ್‌ನಲ್ಲಿ ಒಪ್ಪಿಗೆ ಕೊಡಬೇಕು. ತಂಗಿಯ ಅರ್ಜಿಗೆ ಒಪ್ಪಿಗೆ ಸಿಕ್ಕಿದೆಯೇ, ಎಲ್ಲ ವಿಷಯಗಳೂ ಅದರಲ್ಲಿ ಇವೆಯೇ ಎಂದು ಇವತ್ತೇ ನೋಡಲಿ. ಅದರ ಒಂದು ಪ್ರತಿ ಮುದ್ರಿಸಿ ಇಟ್ಟುಕೊಳ್ಳಲಿ. ನಿಮ್ಮ ಕಾಲೇಜು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಹಾಗಾಗಿ ತಾಂತ್ರಿಕ ತೊಡಕು ಬಂದರೆ ಹೋಗಬೇಕಾದದ್ದು ಧಾರವಾಡದ ಪಾವಟೆ ನಗರದ ಪರೀಕ್ಷಾ ವಿಭಾಗಕ್ಕೆ. ಇದನ್ನು ಓದುತ್ತಿರುವ ಹಾವೇರಿ ಜಿಲ್ಲೆಯವರು ಮಾತ್ರ ತಮ್ಮ ಪ್ರವೇಶದ ಕಾಗದದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ ಎಂದು ನೋಡಿಕೊಂಡು ಬಸ್ ಹತ್ತಲಿ. ಅಲ್ಲಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂದ ಮೇಲೆ ಈ ಗೊಂದಲದಿಂದ ದಿನ ಕಳೆದುಕೊಂಡವರಿದ್ದಾರೆ.

ಆಂತರಿಕ ಅಂಕದ ಬೆದರಿಕೆಗೆ ಬರೋಣ. ಈ ಅಂಕ ಸಣ್ಣದಲ್ಲ. ಮುಖ್ಯ ವಿಷಯಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದವರಿಗೆ 100ರಲ್ಲಿ 40, 2024-25ರಿಂದ ರಾಜ್ಯದ ನೀತಿಯಡಿ ಸೇರಿದವರಿಗೆ 20. ಇದನ್ನು ಕೊಡಬೇಕಾದದ್ದು ಕಿರುಪರೀಕ್ಷೆ, ಬರೆದುಕೊಟ್ಟ ಅಸೈನ್‌ಮೆಂಟ್ ಮುಂತಾದ ಕಲಿಕೆಯ ಕೆಲಸಕ್ಕೆ. ಸಮ್ಮೇಳನದಲ್ಲಿ ಕುರ್ಚಿ ತುಂಬಿದ್ದಕ್ಕಲ್ಲ. ಆದರೂ ನಿಮ್ಮ ತಂಗಿಯ ಹೆದರಿಕೆ ಪೂರ್ತಿ ಆಧಾರವಿಲ್ಲದ್ದು ಎಂದು ನಾನು ಹೇಳಲಾರೆ. ಅಂಕ ಕೊಡುವವರು ಕಾಲೇಜಿನವರೇ. ಸಿಟ್ಟಿನಿಂದ ಎರಡು ಮೂರು ಅಂಕ ಇಳಿಸಿದರೆ ಸಾಬೀತು ಮಾಡುವುದು ಕಷ್ಟ. ಇದಕ್ಕೆ ತಡೆ ಎಂದರೆ ಕಾಗದ: ತಿದ್ದಿದ ಕಿರುಪರೀಕ್ಷೆಯ ಉತ್ತರಪತ್ರಿಕೆ, ಅಸೈನ್‌ಮೆಂಟ್‌ನ ಮೊದಲ ಪುಟ ಇವುಗಳ ಫೋಟೊ ಮೊಬೈಲ್‌ನಲ್ಲಿರಲಿ. ಆಂತರಿಕ ಅಂಕಗಳನ್ನು ಕಳಿಸುವ ಮೊದಲು ವಿದ್ಯಾರ್ಥಿಗಳಿಗೆ ತೋರಿಸಿ ಸಹಿ ಪಡೆಯುವ ಪದ್ಧತಿ ಇದೆ. ಆ ದಿನ ಗೈರಾಗಬಾರದು, ನೋಡದೆ ಸಹಿ ಹಾಕಬಾರದು. ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗಳ ವಿಷಯದಲ್ಲಿ ಹೆದರಿಕೆ ಬೇಡವೇ ಬೇಡ. ಅವುಗಳ ಮೌಲ್ಯಮಾಪನ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ನಡೆಯುತ್ತದೆ, ತಿದ್ದುವವರಿಗೆ ಅದು ಯಾರದ್ದೆಂದು ತಿಳಿಯದಂತೆ. ‘ದೂರು ಕೊಟ್ಟರೆ ಫೇಲ್’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಸೂಚನೆಗಳೆಲ್ಲ ಒಂದೇ ವಾರದಲ್ಲಿ ಯಾಕೆ ಹೀಗೆ ಬಂದು ಬೀಳುತ್ತವೆ ಎಂದು ಕೇಳಬಹುದು. ಕೆಡುಕಿನಿಂದಲೇ ಎಂದುಕೊಳ್ಳಬೇಡಿ. ಇಂಥ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರು ಬೆರಳೆಣಿಕೆಯವರು. ಪ್ರವೇಶ, ವಿದ್ಯಾರ್ಥಿವೇತನದ ಪರಿಶೀಲನೆ, ಪರೀಕ್ಷಾ ಅರ್ಜಿ, ವರ್ಗಾವಣೆ ಪತ್ರ ಎಲ್ಲವನ್ನೂ ಕಚೇರಿಯಲ್ಲಿ ಒಬ್ಬಿಬ್ಬರು ಗುಮಾಸ್ತರೇ ಮಾಡುತ್ತಾರೆ. ಪರೀಕ್ಷೆಯ ದಿನಾಂಕ ಧಾರವಾಡದಿಂದ ಬಂದ ಮೇಲೆಯೇ ಸಮ್ಮೇಳನದ ದಿನಾಂಕ ಗೊತ್ತುಮಾಡಲು ಆಗುವುದು. ವರ್ಷದ ಚಟುವಟಿಕೆಗಳನ್ನೆಲ್ಲ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕಳಿಸುವ ವಾರ್ಷಿಕ ವರದಿಯಲ್ಲಿ ಫೋಟೊ, ಹಾಜರಿ ಸಮೇತ ತೋರಿಸಬೇಕು. ಜೊತೆಗೆ ವೇದಿಕೆಗೆ ಸ್ವಾಮೀಜಿ, ಶಾಸಕರು ಬಂದಾಗ ಪೆಂಡಾಲು ಖಾಲಿ ಕಂಡರೆ ಎಂಬ ಭಯ. ಅದಕ್ಕೇ ‘ಕಡ್ಡಾಯ’ ಎಂಬ ಶಬ್ದ ಬರುತ್ತದೆ. ಅದು ನಿಯಮದಿಂದ ಬಂದದ್ದಲ್ಲ ಎಂದು ತಿಳಿದರೆ ಸಾಕು. ಬರೆದವರ ಮೇಲೆ ಹರಿಹಾಯುವ ಅಗತ್ಯವಿಲ್ಲ.

ಶುಲ್ಕದ ಬಾಕಿಯ ಬಗ್ಗೆ ಬೇರೆ ರೀತಿಯಲ್ಲಿ ಯೋಚಿಸಬೇಕು. ಅದು ನಿಜವಾದ ಬಾಕಿ, ಕೇಳುವ ಹಕ್ಕು ಕಾಲೇಜಿಗಿದೆ. ವಿದ್ಯಾರ್ಥಿವೇತನ ಯಾಕೆ ಬಂದಿಲ್ಲ ಎಂಬುದನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿ ತೆರೆದು ನೋಡಿ. ಸಾಮಾನ್ಯ ಕಾರಣಗಳು ಇವು: ಅರ್ಜಿ ಕಾಲೇಜಿನ ಪರಿಶೀಲನೆಯಲ್ಲೇ ಉಳಿದಿರುವುದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ವ್ಯತ್ಯಾಸ, ಆಧಾರ್ ಜೋಡಣೆ ಹಳೆಯ ಬೇರೊಂದು ಖಾತೆಗೆ ಆಗಿರುವುದು. ಹಣ ಬರುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಜೋಡಿಸಿದ ಖಾತೆಗೆ. ಎಷ್ಟೋ ಸಲ ಅದು ಮರೆತುಹೋದ ಖಾತೆಯಲ್ಲಿ ಬಂದು ಕುಳಿತಿರುತ್ತದೆ. ನಮ್ಮ ಭಾಗದ ಅನೇಕರ ಖಾತೆ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಸೇರಿದೆ. ನಿಮ್ಮದೂ ಅದೇ ಆಗಿದ್ದರೆ ಶಾಖೆಗೆ ಹೋಗಿ ಜೋಡಣೆ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅರ್ಜಿ ಸ್ಥಿತಿಯ ಮುದ್ರಿತ ಪ್ರತಿ ಮತ್ತು ‘ವಿದ್ಯಾರ್ಥಿವೇತನ ಬಂದ ಕೂಡಲೇ ಕಟ್ಟುತ್ತೇವೆ’ ಎಂಬ ಮುಚ್ಚಳಿಕೆ ಪತ್ರ ಕೊಟ್ಟರೆ ಬಹುತೇಕ ಪ್ರಾಚಾರ್ಯರು ಒಪ್ಪುತ್ತಾರೆ. ಕೈಲಾದಷ್ಟು ಈಗಲೇ ಕಟ್ಟಿ ರಸೀದಿ ಪಡೆದರೆ ಇನ್ನೂ ಗಟ್ಟಿ. ಸಮ್ಮೇಳನಕ್ಕೆ 600 ಕೊಟ್ಟು ಶುಲ್ಕ ಬಾಕಿ ಇಟ್ಟುಕೊಳ್ಳುವುದಕ್ಕಿಂತ ಆ 600ನ್ನು ಶುಲ್ಕಕ್ಕೇ ಕಟ್ಟುವುದು ನನ್ನ ಸಲಹೆ.

ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ವೇಳೆ ಮೂಲಪ್ರತಿ ನೋಡಿ, ಪರಿಶೀಲಿಸಿ, ಅಲ್ಲೇ ಹಿಂತಿರುಗಿಸಬೇಕು ಎಂದು ಅನುದಾನ ಆಯೋಗ 2018ರ ಅಕ್ಟೋಬರ್‌ನಲ್ಲೇ ಹೇಳಿದೆ. ಆದರೆ ಇದನ್ನು ಹಾಜರಾತಿಯ ಅರ್ಜಿಯ ಜೊತೆ ಕಲಸಬೇಡಿ. ಪರೀಕ್ಷೆ ಮುಗಿದ ವಾರ ಪ್ರತ್ಯೇಕ ಅರ್ಜಿ ಕೊಡಿ. ಗ್ರಂಥಾಲಯದ ಪುಸ್ತಕ ಒಪ್ಪಿಸಿ ಬಾಕಿ ಇಲ್ಲದ ಪತ್ರವನ್ನೂ ಆಗಲೇ ಪಡೆದರಾಯಿತು.

ಈಗ ನಿಮ್ಮ ಮುಂದಿರುವ ದಾರಿಗಳು. ಕೇಳಿದ್ದನ್ನೆಲ್ಲ ಕೊಟ್ಟು ಸುಮ್ಮನಿರುವುದು ಒಂದು. ಕೊಡುವುದೇ ಆದರೆ ರಸೀದಿ ಕೇಳಿ. ಆದರೆ ಇದರಿಂದ ಹಾಜರಾತಿಯ ತೊಡಕು ಬಗೆಹರಿಯುವುದಿಲ್ಲ ಎಂಬುದನ್ನು ಮರೆಯಬೇಡಿ. ಹಣ ಕೊಟ್ಟೆವು, ಎಲ್ಲ ಸರಿಯಾಯಿತು ಎಂದು ಮನೆಗೆ ಬಂದವರು ಪರೀಕ್ಷೆಯ ಹಿಂದಿನ ದಿನ ಅತ್ತದ್ದನ್ನು ಕಂಡಿದ್ದೇನೆ. ಪ್ರಾಚಾರ್ಯರಿಗೆ ನೇರವಾಗಿ ಲಿಖಿತ ಅರ್ಜಿ ಕೊಡುವುದು ಇನ್ನೊಂದು, ನಾನು ಹೇಳುವುದು ಇದನ್ನೇ. ಒಂದೇ ಪುಟ, ತಂಗಿಯ ಸಹಿ, ಎರಡು ಪ್ರತಿ. ಒಂದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆರೋಪದ ಮಾತು ಬೇಡ. ಶಿಬಿರದ ದಿನಾಂಕಗಳು, ಆ ದಿನ ನಡೆದ ಇತಿಹಾಸ ತರಗತಿಗಳು, ಶಿಬಿರದ ಪ್ರಮಾಣಪತ್ರದ ಪ್ರತಿ ಇಷ್ಟೇ ಇರಲಿ. ನೀವೂ ಜೊತೆಗೆ ಹೋಗಿ. ಮನೆಯವರು ಬಂದು ಕುಳಿತು ಮಾತನಾಡಿದಾಗ ಸಣ್ಣ ಊರಿನ ಕಾಲೇಜಿನಲ್ಲಿ ಅದಕ್ಕೆ ಬೆಲೆ ಇದೆ.

ಅದು ಫಲಿಸದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇದೆ. 2023ರ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲೂ ಇದು ಇರಲೇಬೇಕು, ಸಮಿತಿಯಲ್ಲಿ ಮಹಿಳೆಯೊಬ್ಬರು ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ದೂರಿನ ಮೇಲ್ಮನವಿ ಕೇಳುವವರು) ಮೇಲ್ಮನವಿ ಸಲ್ಲಿಸಬಹುದು. ಇದರ ಕೊರತೆ ಎಂದರೆ ಕಾಲ: ಪರೀಕ್ಷೆ ಮುಂದಿನ ವಾರವಿದ್ದರೆ 15 ದಿನದ ವರದಿ ನಿಮಗೆ ಸಹಾಯಕ್ಕೆ ಬರುವುದಿಲ್ಲ. ಹಾಜರಾತಿಗೆ ಪ್ರಾಚಾರ್ಯರಿಗೆ ಕೊಡುವ ಅರ್ಜಿಯೇ ಬೇಕು. ವಂತಿಗೆ, ಮೂಲ ದಾಖಲೆಗಳಂಥ ವಿಷಯಕ್ಕೆ ಈ ಸಮಿತಿ ಸರಿ. ಊರಿನ ಮುಖಂಡರಿಂದ ಫೋನ್ ಮಾಡಿಸುವುದು, ಸಂಘಟನೆಯವರನ್ನು ಕರೆದುಕೊಂಡು ಹೋಗಿ ಗೇಟಿನ ಮುಂದೆ ಕೂಗುವುದು, ಇವನ್ನು ಈಗಲೇ ಮಾಡಬೇಡಿ. ಅದರಿಂದ ನಾಲ್ಕು ತರಗತಿಯ ಲೆಕ್ಕ ಮಾನಾಪಮಾನದ ಜಗಳವಾಗುತ್ತದೆ, ಬಿಸಿ ತಟ್ಟುವುದು ಆ ಹುಡುಗಿಗೆ.

ಕೊನೆಯದಾಗಿ, ಕಳಿಸಬೇಕೋ ಬೇಡವೋ ಎಂಬ ಪ್ರಶ್ನೆ. ಮೂರು ದಿನವೂ ಹೋಗಬೇಕೆಂಬ ನಿಯಮವಿಲ್ಲ. ಸಾಂಪ್ರದಾಯಿಕ ಉಡುಗೆಯ ದಿನಕ್ಕೆಂದು ಹೊಸ ಇಳಕಲ್ ಸೀರೆ ಕೊಳ್ಳಬೇಕಾಗಿಯೂ ಇಲ್ಲ. ಆದರೆ ಬಹುಮಾನದ ದಿನ ಅವಳನ್ನು ಮನೆಯಲ್ಲಿ ನಿಲ್ಲಿಸಬೇಡಿ. ನೀವು ಅದನ್ನು ಪತ್ರದ ತುದಿಯಲ್ಲಿ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ದೊಡ್ಡ ಸಂಗತಿ ಅದೇ ಅನಿಸಿತು. ಸುಗ್ಗಿಯ ಕೆಲಸವನ್ನೂ ಮಾಡಿ, ಬಸ್ಸಿನಲ್ಲಿ ಓಡಾಡಿ ಓದಿ, ಇಡೀ ಕಾಲೇಜಿಗೆ ಮೊದಲಾಗಿ ಬಂದ ಹುಡುಗಿ ವೇದಿಕೆ ಹತ್ತುವುದನ್ನು ಅವಳ ಮನೆಯವರು ನೋಡಬೇಕು. ಬಸ್ಸಿನ ತೊಂದರೆ ನಿಮ್ಮೊಬ್ಬರದ್ದಲ್ಲ, ಸುತ್ತಲಿನ ಹಳ್ಳಿಗಳಿಂದ ಬರುವ ಎಲ್ಲ ಹುಡುಗಿಯರದ್ದು. ಬಹುಮಾನ ವಿತರಣೆಯನ್ನು ಮಧ್ಯಾಹ್ನವೇ ಮುಗಿಸಿ, ಮನರಂಜನೆಯನ್ನು ಆಮೇಲೆ ಇಟ್ಟುಕೊಳ್ಳಿ ಎಂದು ಆ ಹುಡುಗಿಯರೆಲ್ಲ ಸೇರಿ ಒಂದು ಅರ್ಜಿಗೆ ಸಹಿ ಹಾಕಿ ಕೊಡಲಿ. ಹಾಗೆ ಕೇಳಿದಾಗ ಕಾರ್ಯಕ್ರಮದ ಕ್ರಮ ಬದಲಿಸಿದ ಕಾಲೇಜುಗಳಿವೆ, ನಾನೂ ಬದಲಿಸಿದ್ದೇನೆ. ಆಗದಿದ್ದರೆ ಆ ಒಂದು ದಿನ ನೀವೇ ಬೈಕ್ ತೆಗೆದುಕೊಂಡು ಹೋಗಿ, ಪೆಂಡಾಲಿನಲ್ಲಿ ಕುಳಿತು, ಅವಳನ್ನು ಕರೆದುಕೊಂಡು ಬನ್ನಿ.

ಸೋಮವಾರ ಬೆಳಗ್ಗೆ ಕಾಲೇಜಿಗೆ ಹೋಗುವಾಗ ಕೈಯಲ್ಲಿರಬೇಕಾದದ್ದು: ಪ್ರವೇಶದ ರಸೀದಿ, ಶಿಬಿರದ ಪ್ರಮಾಣಪತ್ರ, ವೇಳಾಪಟ್ಟಿ, ಪರೀಕ್ಷಾ ಅರ್ಜಿಯ ಪ್ರತಿ, ಎಸ್‌ಎಸ್‌ಪಿ ಸ್ಥಿತಿಯ ಪ್ರತಿ, ಹಾಜರಾತಿಯ ಅರ್ಜಿ ಎರಡು ಪ್ರತಿ. ಮೊದಲು ಇತಿಹಾಸದ ಉಪನ್ಯಾಸಕರನ್ನು ಕಾಣಿ, ಆಮೇಲೆ ಎನ್‌ಎಸ್‌ಎಸ್ ಅಧಿಕಾರಿಯನ್ನು, ಆಮೇಲೆ ಪ್ರಾಚಾರ್ಯರನ್ನು. ಕೆಳಗಿನ ಇಬ್ಬರೂ ಒಪ್ಪಿ ಅರ್ಜಿಯ ಮೇಲೆ ಎರಡು ಸಾಲು ಬರೆದುಕೊಟ್ಟಿದ್ದರೆ ಪ್ರಾಚಾರ್ಯರು ಸಹಿ ಹಾಕಲು ಹಿಂಜರಿಯುವುದಿಲ್ಲ.